ಮುಸುರೆಯ ಲೆಕ್ಕ

“ನಾನು ಅಸೆಂಬ್ಲಿ ಬರ್ದಿದೀನಿ ಸಾರ್.”

ಈ ಮಾತು ಹೇಳುವಾಗ ನಮ್ಮ ಹುಡುಗರ ದನಿಗೆ ಒಂದು ಬಿಗಿ ಬರುತ್ತದೆ. ಪೈಥಾನ್ ಗೊತ್ತು, ಜಾವಾ ಗೊತ್ತು ಎನ್ನುವಾಗ ಅದು ಇರುವುದಿಲ್ಲ. ನಾಯಂಡಹಳ್ಳಿಯಿಂದ ಶುರುವಾಗಿ ಕೆಂಗೇರಿ ದಾಟಿ ಕುಂಬಳಗೋಡಿನವರೆಗೆ ಮೈಸೂರು ರಸ್ತೆಯ ಆಸುಪಾಸಿನಲ್ಲಿ ನಿಂತಿರುವ ಎಂಜಿನಿಯರಿಂಗ್ ಕಾಲೇಜುಗಳಿಂದ ಕೆಲಸ ಕೇಳಿಕೊಂಡು ಬರುವವರನ್ನು ಮಾತಾಡಿಸುವುದು ನನ್ನ ನೌಕರಿಯ ಒಂದು ಭಾಗ. ಅವರ ಪ್ರಾಜೆಕ್ಟಿನ ಸಿ ಕಡತ ತೆರೆದರೆ ನಡುವೆ ಎಲ್ಲೋ ಒಂದು ಕಡೆ ‘ಎಎಸ್‌ಎಂ’ ಎಂಬ ಮೂರಕ್ಷರ, ಒಂದು ಆವರಣ, ಅದರೊಳಗೆ ಉದ್ಧರಣ ಚಿಹ್ನೆ ಹಾಕಿ ಒಂದೆರಡು ಸಾಲು ಯಂತ್ರದ ಮಾತು. ಯಾಕೆ ಬರೆದಿರಿ ಎಂದರೆ, “ಫಾಸ್ಟ್ ಆಗತ್ತೆ ಸಾರ್.” ಅಳತೆ ಮಾಡಿ ನೋಡಿದಿರಾ ಎಂದರೆ ಮೌನ. ಈ ಸಾಲು ಯಾವ ಯಾವ ರಿಜಿಸ್ಟರನ್ನು ಕೆಡಿಸುತ್ತದೆಂದು ಕಂಪೈಲರಿಗೆ ಹೇಳಿದ್ದೀರಾ ಎಂದರೆ, “ಕಂಪೈಲರಿಗೆ ಹೇಳೋದು ಅಂದ್ರೆ?”

ತಪ್ಪು ಅವರದಲ್ಲ. ಹೇಳಬೇಕೆಂದು ಅವರಿಗೆ ಯಾರೂ ಹೇಳಿಲ್ಲ. ನನ್ನ ಜಗಳ ಹೇಳದೇ ಇದ್ದವರ ಜೊತೆ. ಅವರಲ್ಲಿ ಎರಡು ಪಂಗಡ. ಅಸೆಂಬ್ಲಿಯನ್ನು ಗಂಡಸುತನದ ಪದಕ ಮಾಡಿಕೊಂಡು ಮೀಸೆ ತಿರುವುವವರು ಒಂದು ಕಡೆ. ಅದೆಲ್ಲ ಅಜ್ಜನ ಕಾಲದ್ದು, ಈಗ ಯಾರಿಗೆ ಬೇಕು ಎಂದು ಪಠ್ಯದಿಂದಲೇ ತೆಗೆದುಹಾಕುವವರು ಇನ್ನೊಂದು ಕಡೆ. ಬದ್ಧವೈರಿಗಳಂತೆ ಕಾಣುತ್ತಾರೆ, ಆದರೆ ಇಬ್ಬರೂ ಸೇರಿ ಮಾಡಿರುವ ಕೆಲಸ ಒಂದೇ: ಸಿ ಒಳಗೆ ಅಸೆಂಬ್ಲಿ ಹಾಕುವಾಗ ಪಾಲಿಸಬೇಕಾದ ಶಿಸ್ತನ್ನು ಕಲಿಸದೇ ಮಕ್ಕಳನ್ನು ಹೊರಗೆ ಕಳಿಸಿದ್ದಾರೆ.

ಕಂಪ್ಯೂಟರ್ ಓದದವರಿಗಾಗಿ ಎರಡು ಮಾತು. ಸಿ ಎಂಬುದು 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದ ಭಾಷೆ. ಅದಕ್ಕೆ ಮೊದಲು ಯುನಿಕ್ಸ್‌ನಂಥ ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದದ್ದು ಅಸೆಂಬ್ಲಿಯಲ್ಲಿ, ಅಂದರೆ ಆಯಾ ಪ್ರೊಸೆಸರಿನ ಸ್ವಂತ ಆಡುಮಾತಿನಲ್ಲಿ. 1973ರಲ್ಲಿ ಯುನಿಕ್ಸ್ ಅನ್ನು ಸಿ ಭಾಷೆಯಲ್ಲಿ ಮತ್ತೆ ಬರೆದರು. ಅಲ್ಲಿಂದ ಮುಂದೆ ಪ್ರೊಸೆಸರ್ ಬದಲಾದರೂ ಬಹುಪಾಲು ಪ್ರೋಗ್ರಾಂ ಹಾಗೇ ಉಳಿಯಿತು. ಸಿ ಯಲ್ಲಿ ಬರೆದದ್ದನ್ನು ಯಂತ್ರದ ಮಾತಿಗೆ ಇಳಿಸುವವನು ಕಂಪೈಲರ್. ಪ್ರೊಸೆಸರಿನೊಳಗೆ ರಿಜಿಸ್ಟರ್ ಎಂಬ ಬೆರಳೆಣಿಕೆಯ ಪುಟ್ಟ ಪಾತ್ರೆಗಳಿರುತ್ತವೆ. ಯಾವ ಲೆಕ್ಕವಾದರೂ ಆ ಪಾತ್ರೆಗಳಲ್ಲೇ ನಡೆಯಬೇಕು. ಯಾವ ಹೊತ್ತಿನಲ್ಲಿ ಯಾವ ಪಾತ್ರೆಯಲ್ಲಿ ಏನಿದೆ ಎಂಬ ಲೆಕ್ಕವನ್ನು ಕಂಪೈಲರ್ ಇಟ್ಟುಕೊಂಡಿರುತ್ತದೆ.

ಈಗ ಅದರ ಅಡುಗೆಮನೆಗೆ ನೀವು ನುಗ್ಗುತ್ತೀರಿ. ಸಿ ಸಾಲುಗಳ ನಡುವೆ ನಿಮ್ಮದೇ ಅಸೆಂಬ್ಲಿ ಸಾಲು ತೂರಿಸುತ್ತೀರಿ. ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಏನೆಂದರೆ, ಇವತ್ತು ಹೆಚ್ಚಾಗಿ ಬಳಕೆಯಲ್ಲಿರುವ ಜಿಸಿಸಿ ಆ ಸಾಲನ್ನು ಓದುವುದೇ ಇಲ್ಲ. ಉದ್ಧರಣ ಚಿಹ್ನೆಯೊಳಗೆ ಇರುವುದು ಅದಕ್ಕೆ ಬರೀ ಅಕ್ಷರಗಳ ಸಾಲು. ತೆಗೆದು ಹಾಗೆಯೇ ಮುಂದಿನ ಹಂತಕ್ಕೆ ದಾಟಿಸುತ್ತದೆ. ಎಷ್ಟು ಓದುವುದಿಲ್ಲ ಎಂದರೆ, ಆ ತುಣುಕು ಎಷ್ಟು ದೊಡ್ಡದು ಎಂದು ಅಂದಾಜು ಮಾಡಲು ಅದು ಸಾಲು ಎಣಿಸುತ್ತದೆ. ಸಾಲು ಹೆಚ್ಚಾದರೆ ದೊಡ್ಡದು ಅಂದುಕೊಳ್ಳುತ್ತದೆ. ಈ ಅಂದಾಜಿನಿಂದ ಲಿನಕ್ಸ್ ಕರ್ನಲ್ ಬರೆಯುವವರಿಗೆ ತೊಂದರೆಯಾಗಿ, 2019ರ ಜಿಸಿಸಿ 9ರಲ್ಲಿ “ಇದು ಚಿಕ್ಕದು, ನಂಬು” ಎಂದು ಹೇಳಲೆಂದೇ ಒಂದು ಹೊಸ ಗುರುತು ಸೇರಿಸಬೇಕಾಯಿತು.

ಓದದವನಿಗೆ ಏನಾಯಿತೆಂದು ತಿಳಿಯುವುದು ಹೇಗೆ? ನೀವು ಪಟ್ಟಿ ಕೊಡಬೇಕು. ರಾಜಾಜಿನಗರದ ಯಾವ ಛತ್ರದಲ್ಲಿ ಮದುವೆಯಾದರೂ ಅಡುಗೆಯವರು ಹಿಂದಿನ ವಾರವೇ ಬಂದು ಪಟ್ಟಿ ಬರೆಸುತ್ತಾರಲ್ಲ, ಹಾಗೆ. ಇಷ್ಟು ಜನಕ್ಕೆ ಇಂತಿಂಥದ್ದು ಮಾಡಿ ಬಡಿಸುತ್ತೇವೆ. ಅದಕ್ಕೆ ಇಷ್ಟು ಬೇಳೆ, ಇಷ್ಟು ತೆಂಗಿನಕಾಯಿ ಬೇಕು. ಛತ್ರದ ಪಾತ್ರೆಗಳಲ್ಲಿ ಇಂತಿಂಥವು ಮುಸುರೆಯಾಗುತ್ತವೆ, ಅದರಲ್ಲಿ ನೀವೇನೂ ಇಟ್ಟುಕೊಳ್ಳಬೇಡಿ. ಜಿಸಿಸಿಯ ಅಸೆಂಬ್ಲಿ ಸಾಲಿನ ಕೊನೆಯಲ್ಲಿ ಕೋಲನ್ ಹಾಕಿ ಹಾಕಿ ಬರೆಯುವ ಮೂರು ಭಾಗಗಳು ಇವೇ: ಏನು ಕೊಡುತ್ತದೆ, ಏನು ಬೇಕು, ಏನು ಮುಸುರೆಯಾಗುತ್ತದೆ. ಮೂರನೆಯದಕ್ಕೆ ಇಂಗ್ಲಿಷಿನ ಕೈಪಿಡಿಗಳು ಕ್ಲಾಬರ್ ಎನ್ನುತ್ತವೆ. ನನಗೆ ನಮ್ಮ ಮುಸುರೆಯೇ ಸರಿಯಾದ ಮಾತು ಅನ್ನಿಸುತ್ತದೆ. ಪಾತ್ರೆ ಒಡೆದಿಲ್ಲ, ಕಳೆದಿಲ್ಲ. ಅದರಲ್ಲಿ ಮೊದಲು ಇದ್ದದ್ದು ಇಲ್ಲ, ಅಷ್ಟೆ. ಆ ಮೂರನೆಯ ಪಟ್ಟಿ ಕೊಡದಿದ್ದರೆ ಮನೆಯವರು ಹಾಲು ಕಾಯಿಸಿಟ್ಟ ಪಾತ್ರೆಯಲ್ಲೇ ಅಡುಗೆಯವರು ಹುಣಸೆಹಣ್ಣು ನೆನೆಸುತ್ತಾರೆ. ಯಾರನ್ನು ಬೈಯುತ್ತೀರಿ?

ಇಂಟೆಲ್ ಪ್ರೊಸೆಸರಿನಲ್ಲಿ ಸಿಪಿಯುಐಡಿ ಎಂಬ ಒಂದು ಆದೇಶವಿದೆ. ನೀನು ಯಾರು, ನಿನಗೆ ಏನೇನು ಬರುತ್ತದೆ ಎಂದು ಪ್ರೊಸೆಸರನ್ನೇ ಕೇಳುವ ಆದೇಶ. ಉತ್ತರವನ್ನು ಅದು ನಾಲ್ಕು ರಿಜಿಸ್ಟರುಗಳಲ್ಲಿ ತುಂಬಿ ಕೊಡುತ್ತದೆ. ನಿಮಗೆ ಬೇಕಾದದ್ದು ಒಂದೇ ಎಂದು ಒಂದನ್ನೇ ಪಟ್ಟಿಯಲ್ಲಿ ಬರೆದರೆ ಉಳಿದ ಮೂರರಲ್ಲಿ ಕಂಪೈಲರ್ ಇಟ್ಟಿದ್ದದ್ದು ಹೋಯಿತು. ಇನ್ನೊಂದು ಉದಾಹರಣೆ ಇದಕ್ಕಿಂತ ಕುಟಿಲ. 64 ಬಿಟ್‌ನ ಲಿನಕ್ಸ್‌ನಲ್ಲಿ ಸ್ಟ್ಯಾಕಿನ ತುದಿಯಿಂದ ಕೆಳಗೆ 128 ಬೈಟ್ ಜಾಗವನ್ನು ಕಂಪೈಲರ್ ಯಾರಿಗೂ ಹೇಳದೆ ಬಳಸಿಕೊಳ್ಳಬಹುದು, ಒಪ್ಪಂದವೇ ಹಾಗಿದೆ. ನಿಮ್ಮ ಅಸೆಂಬ್ಲಿ ಸಾಲಿನಲ್ಲಿ ಒಂದು ಪುಶ್, ಒಂದು ಪಾಪ್ ಇದ್ದರೆ ಸಾಕು. ಲೆಕ್ಕ ಸರಿಯಾಗಿ ತಾಳೆಯಾದರೂ ಆ ಗುಟ್ಟಿನ ಜಾಗದಲ್ಲಿದ್ದ ಕಂಪೈಲರಿನ ಗಂಟು ಮಾಯ. “ಪುಶ್ ಮಾಡಿದ್ದನ್ನ ಪಾಪ್ ಮಾಡಿದೀನಲ್ಲ ಸಾರ್” ಎಂದು ಹುಡುಗ ವಾದಿಸುತ್ತಾನೆ. 8086ರ ಪಾಠದ ಪ್ರಕಾರ ಅವನು ಹೇಳುವುದು ಸರಿಯೇ.

ಈಗ ಸುಮ್ಮನೆ ಪಾಠದಂತೆ ಕಾಣುವ ಈ ವಿಷಯಕ್ಕೆ ಯಾಕಿಷ್ಟು ಸಿಟ್ಟು ಎಂದರೆ ಹೇಳುತ್ತೇನೆ. ಕಾಮಾಕ್ಷಿಪಾಳ್ಯದ ಕಡೆ ಒಂದು ಸಣ್ಣ ಪ್ರೆಸ್ ಶಾಪ್. ಹೆಸರು ಬೇಡ. ತಗಡು ಹೊಡೆದು ಬಿಲ್ಲೆ ತೆಗೆಯುವ ಪವರ್ ಪ್ರೆಸ್‌ಗಳು, ಅದರ ಮುಂದೆ ಕೂತು ಕೆಲಸ ಮಾಡುವವರಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಮಾಲೀಕರು ಪ್ರತಿ ಯಂತ್ರಕ್ಕೂ ಒಂದು ಎಣಿಕೆಯ ಡಬ್ಬಿ ಹಾಕಿಸಿದರು. ಡಬ್ಬಿ ಮಾಡಿಕೊಟ್ಟದ್ದು ಇನ್ನೊಂದು ಸಣ್ಣ ಕಂಪನಿ, ಕೋಡ್ ಬರೆದದ್ದು ಆಗಷ್ಟೇ ಕಾಲೇಜು ಮುಗಿಸಿದ ಹುಡುಗ. ಪ್ರೆಸ್ ಒಂದು ಸಲ ಬಿದ್ದರೆ ಒಂದು ಸಂಕೇತ, ಒಂದು ಇಂಟರಪ್ಟ್, ಎಣಿಕೆಗೆ ಒಂದು ಸೇರ್ಪಡೆ. ಮುಖ್ಯ ಲೂಪು ಪುರಸೊತ್ತಿಲ್ಲದೆ ಸುತ್ತುತ್ತ, ಇಂಟರಪ್ಟ್‌ಗಳನ್ನು ತಡೆದು, ಎಣಿಕೆಯನ್ನು ಒಟ್ಟು ಮೊತ್ತಕ್ಕೆ ಕೂಡಿ, ಎಣಿಕೆಯನ್ನು ಸೊನ್ನೆ ಮಾಡಿ, ಮತ್ತೆ ಇಂಟರಪ್ಟ್ ಬಿಡಬೇಕು. ತಡೆಯುವುದಕ್ಕೆ ಒಂದು ಅಸೆಂಬ್ಲಿ ಸಾಲು, ಬಿಡುವುದಕ್ಕೆ ಒಂದು.

ಡಬ್ಬಿ ಆರೇಳು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಪರದೆಯಲ್ಲಿ ಏನೋ ಹೊಸದು ತೋರಿಸಬೇಕೆಂದು ಕೋಡ್ ಬೆಳೆಯಿತು, ಚಿಪ್ಪಿನಲ್ಲಿ ಜಾಗ ಸಾಲದಾಯಿತು. ಜಾಗ ಉಳಿಸಲು ಕಂಪೈಲರಿನ ಆಪ್ಟಿಮೈಸೇಷನ್ ಹಚ್ಚಿದರು. ಅವತ್ತಿನಿಂದ ಎಣಿಕೆ ಕಮ್ಮಿ ಬರತೊಡಗಿತು. ಕೆಲವು ದಿನ ಎರಡು, ಕೆಲವು ದಿನ ಹತ್ತು, ಕೆಲವು ದಿನ ಏನೂ ಇಲ್ಲ. ಪ್ರೆಸ್ ಮುಂದೆ ಕೂತವರು ಬಿಲ್ಲೆಯ ರಾಶಿ ಎಣಿಸಿ ಹೇಳಿದರು. ಸೂಪರ್‌ವೈಸರ್ ಕೇಳಿದ್ದು ಒಂದೇ ಪ್ರಶ್ನೆ: “ಮಿಷನ್ ಸುಳ್ಳು ಹೇಳತ್ತಾ?”

ಹೇಳುತ್ತಿತ್ತು. ಆ ಎರಡು ಅಸೆಂಬ್ಲಿ ಸಾಲುಗಳ ಪಟ್ಟಿಯಲ್ಲಿ ‘ಮೆಮೊರಿ’ ಎಂಬ ಒಂದು ಪದ ಇರಲಿಲ್ಲ. “ಈ ಸಾಲಿನ ಆಚೆ ಈಚೆ ಸ್ಮೃತಿಯಲ್ಲಿರುವುದು ಬದಲಾಗಬಹುದು, ಆದ್ದರಿಂದ ಓದುವುದನ್ನಾಗಲಿ ಬರೆಯುವುದನ್ನಾಗಲಿ ಈ ಗೆರೆ ದಾಟಿಸಬೇಡ” ಎಂದು ಕಂಪೈಲರಿಗೆ ಹೇಳುವ ಪದ ಅದು. ಹೇಳದಿದ್ದರೆ, ಸೊನ್ನೆ ಮಾಡುವ ಕೆಲಸವನ್ನು ಇಂಟರಪ್ಟ್ ಬಿಟ್ಟ ಮೇಲೂ ಮಾಡಬಹುದಲ್ಲ ಎಂದು ಅದು ಸರಿಸಿಬಿಡಬಹುದು. ಆ ಸಂದಿಯಲ್ಲಿ ಬಿದ್ದ ಒಂದು ಹೊಡೆತ ಎಣಿಕೆಗೆ ಸೇರಿ, ಮರುಕ್ಷಣವೇ ಸೊನ್ನೆಯಾಗುತ್ತದೆ. ಒಂದು ಬಿಲ್ಲೆಯ ಕೂಲಿ ಹೋಯಿತು. ಕಂಪೈಲರ್ ಮೋಸ ಮಾಡಲಿಲ್ಲ. ತನಗೆ ಹೇಳಿದ್ದಷ್ಟನ್ನು ನಂಬಿತು.

“ವೊಲಟೈಲ್ ಹಾಕಿದ್ದೆನಲ್ಲ” ಎಂದು ಬರೆದವನು ಹೇಳಿದ. ಹಾಕಿದ್ದ, ಅಸೆಂಬ್ಲಿ ಸಾಲಿನ ಮುಂದೆ. ಎಣಿಕೆಯ ಚರದ ಮುಂದೆ ಹಾಕಿರಲಿಲ್ಲ. ಇದು ನಾನು ಕಂಡ ತಪ್ಪುಗಳಲ್ಲೆಲ್ಲ ತುಂಬ ಸಾಮಾನ್ಯವಾದದ್ದು. ಅಸೆಂಬ್ಲಿ ಸಾಲಿಗೆ ವೊಲಟೈಲ್ ಎಂದು ಬರೆದರೆ “ಈ ಸಾಲನ್ನು ಬೇಡವೆಂದು ತೆಗೆದುಹಾಕಬೇಡ” ಎಂದರ್ಥ. ಪಕ್ಕದ ಮಾಮೂಲಿ ಸಾಲುಗಳು ಅದನ್ನು ದಾಟಿ ಆಚೆ ಈಚೆ ಓಡಾಡಬಾರದು ಎಂದು ಅದು ಹೇಳುವುದಿಲ್ಲ. ಮಂತ್ರದ ಹಾಗೆ ಕಲಿತವನಿಗೆ ಈ ವ್ಯತ್ಯಾಸ ಗೊತ್ತಾಗುವುದು ಹೇಗೆ? ತಮಾಷೆಯೆಂದರೆ, ಆ ಹುಡುಗ ಬಳಸಿದ್ದ ಆರ್ಮ್ ಚಿಪ್ಪಿನ ಜೊತೆಗೇ ಬರುವ ಸಿಎಂಸಿಸ್ ಕಡತದಲ್ಲಿ ಇಂಟರಪ್ಟ್ ತಡೆಯುವ ಫಂಕ್ಷನ್ ತಯಾರಿದೆ, ಅದರೊಳಗಿನ ಅಸೆಂಬ್ಲಿ ಸಾಲಿನ ಕೊನೆಗೆ ‘ಮೆಮೊರಿ’ ಎಂದು ಸರಿಯಾಗಿ ಬರೆದೂ ಇದೆ. ಅದನ್ನು ಕರೆದಿದ್ದರೆ ಸಾಕಿತ್ತು. ಆದರೆ ಹಾಗೆ ಮಾಡಿದರೆ “ಅಸೆಂಬ್ಲಿ ಬರ್ದಿದೀನಿ” ಅನ್ನಲಾಗುವುದಿಲ್ಲವಲ್ಲ.

ಮೀಸೆ ತಿರುವುವವರ ಹತ್ತಿರ ಬರೋಣ. ಅವರ ವಾದ ವೇಗ. ಕೈಯಲ್ಲಿ ಬರೆದ ಅಸೆಂಬ್ಲಿ ಕಂಪೈಲರಿಗಿಂತ ವೇಗ ಎನ್ನುವುದಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು, ಈ ಊರಿನ ಅನ್ನವೂ ಅದರಲ್ಲಿತ್ತು. 1985ರಲ್ಲಿ ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿತು. ಅಲ್ಲಿಂದ ಹೊರಬಂದವರು 2001ರಲ್ಲಿ ಇಟ್ಟಿಯಂ ಕಟ್ಟಿದರು. ಹೆಸರು ಕೇಳಿ ತಮಿಳಿನದೋ ಏನೋ ಅಂದುಕೊಂಡವರಿದ್ದಾರೆ, ಅದು ‘ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಎಂಬ ದೆಕಾರ್ತನ ಮಾತಿನ ಇಂಗ್ಲಿಷ್ ರೂಪದ ಮೊದಲಕ್ಷರಗಳು. ಸಂಕೇತ ಸಂಸ್ಕರಣೆಯ ಚಿಪ್ಪುಗಳ ಮೇಲೆ ಒಂದೊಂದು ಸೈಕಲ್ ಉಳಿಸುವುದಕ್ಕಾಗಿ ರಾತ್ರಿಯಿಡೀ ಕೂತವರು ಈ ಊರಿನಲ್ಲಿ ಇದ್ದರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಮಾಡಿದ್ದನ್ನು ಗಮನಿಸಿ. ನಿಜಕ್ಕೂ ವೇಗ ಬೇಕಾದವರು ಇಡೀ ಫಂಕ್ಷನ್ನನ್ನು ಬೇರೆ ಕಡತದಲ್ಲಿ ಅಸೆಂಬ್ಲಿಯಾಗಿ ಬರೆಯುತ್ತಾರೆ, ಸಿ ನಡುವೆ ತುಣುಕು ತೂರಿಸುವುದಿಲ್ಲ. ಇವತ್ತು ನಿಮ್ಮ ಫೋನಿನ ವಿಡಿಯೋ ಬಿಚ್ಚುವ ಎಫ್‌ಎಫ್‌ಎಂಪೆಗ್, ಡೇವಿಡ್ ಎಂಬ ತಂತ್ರಾಂಶಗಳಲ್ಲಿ ಕೈಬರಹದ ಅಸೆಂಬ್ಲಿ ಬೇಕಾದಷ್ಟಿದೆ, ಅದರಿಂದ ಕೆಲವು ಕಡೆ ಹತ್ತಾರು ಪಟ್ಟು ವೇಗವೂ ಬಂದಿದೆ. ಅದು ಇರುವುದು ಹೆಚ್ಚಾಗಿ ಪ್ರತ್ಯೇಕ ಕಡತಗಳಲ್ಲಿ. ಫಂಕ್ಷನ್ ಕರೆಯುವಾಗ ಯಾವ ಪಾತ್ರೆ ಯಾರದ್ದು ಎಂಬುದು ಮೊದಲೇ ಒಪ್ಪಂದವಾಗಿರುತ್ತದೆ, ಪಟ್ಟಿಯ ರಗಳೆಯೇ ಇಲ್ಲ.

ಸಿ ನಡುವೆ ಎರಡು ಸಾಲು ತೂರಿಸಿದರೆ ಸಾಮಾನ್ಯವಾಗಿ ಆಗುವುದು ಉಲ್ಟಾ. ಕಂಪೈಲರ್ ಆ ಸಾಲಿನೊಳಗೆ ನೋಡಲಾರದು, ಆದ್ದರಿಂದ ಅದನ್ನು ಸರಳಗೊಳಿಸಲಾರದು, ಉತ್ತರ ಮೊದಲೇ ಗೊತ್ತಿದ್ದರೂ ಲೆಕ್ಕ ತಪ್ಪಿಸಲಾರದು. ಎರಡು ಸಂಖ್ಯೆ ಕೂಡಲು ಅಸೆಂಬ್ಲಿ ಬರೆದವನಿಗೆ ಪುಸ್ತಕದ ಪುಟ ತುಂಬಿತೇ ಹೊರತು ಬೇರೇನೂ ಸಿಗಲಿಲ್ಲ.

ಹಾಗಾದರೆ ಸಿ ಒಳಗೆ ಅಸೆಂಬ್ಲಿ ಬೇಡವೇ? ಬೇಕು. ಸಿ ಗೆ ಮಾತಿಲ್ಲದ ಜಾಗಗಳಲ್ಲಿ ಬೇಕು. ಇಂಟರಪ್ಟ್ ತಡೆ ಎನ್ನಲು ಸಿ ಯಲ್ಲಿ ಪದವಿಲ್ಲ. ಪ್ರೊಸೆಸರಿನ ಒಳಗಿನ ವಿಶೇಷ ರಿಜಿಸ್ಟರ್ ಓದಲು ಇಲ್ಲ. ನಿದ್ದೆ ಹೋಗು, ಸಂಕೇತ ಬಂದಾಗ ಏಳು ಎನ್ನಲು ಇಲ್ಲ. ಅಂಥ ಕಡೆ ಒಂದೇ ಒಂದು ಆದೇಶ, ಪೂರ್ತಿ ಪಟ್ಟಿಯೊಂದಿಗೆ, ಒಂದು ಸಣ್ಣ ಫಂಕ್ಷನ್ನಿನೊಳಗೆ. ಮತ್ತೆ ಎಲ್ಲರೂ ಆ ಫಂಕ್ಷನ್ನನ್ನೇ ಕರೆಯಬೇಕು.

ಇನ್ನೊಂದು ಬಳಕೆ ಇದೆ, ನನಗೆ ಬಹಳ ಇಷ್ಟವಾದದ್ದು. ಉದ್ಧರಣ ಚಿಹ್ನೆಯೊಳಗೆ ಏನೂ ಇಲ್ಲದ ಅಸೆಂಬ್ಲಿ. ಆದೇಶ ಸೊನ್ನೆ, ಪಟ್ಟಿ ಮಾತ್ರ ಇದೆ. ಹುಡುಗರಿಗೆ ತೋರಿಸಿದರೆ ನಗುತ್ತಾರೆ. ನೀವೊಂದು ಗುಪ್ತಪದ ಬಳಸಿದಿರಿ, ಆಮೇಲೆ ಸ್ಮೃತಿಯಿಂದ ಅಳಿಸಲು ಮೆಮ್‌ಸೆಟ್ ಮಾಡಿ ಸೊನ್ನೆ ತುಂಬಿದಿರಿ ಎನ್ನಿ. ಆ ಜಾಗವನ್ನು ಮುಂದೆ ಯಾರೂ ಓದುವುದಿಲ್ಲವೆಂದು ಕಂಡುಕೊಂಡ ಕಂಪೈಲರ್, ಹಾಗಿದ್ದ ಮೇಲೆ ಸೊನ್ನೆ ಯಾಕೆ ತುಂಬಬೇಕು ಎಂದು ಅಳಿಸುವ ಕೆಲಸವನ್ನೇ ಅಳಿಸಿಬಿಡುತ್ತದೆ. ಗುಪ್ತಪದ ಅಲ್ಲೇ ಉಳಿಯಿತು. ಆಗ ಆ ಖಾಲಿ ಅಸೆಂಬ್ಲಿಯ ಪಟ್ಟಿಯಲ್ಲಿ ಆ ಜಾಗದ ವಿಳಾಸ ಕೊಟ್ಟು ‘ಮೆಮೊರಿ’ ಎಂದು ಬರೆದರೆ, ಯಾರೋ ಓದಬಹುದೇನೋ ಎಂದು ಹೆದರಿ ಕಂಪೈಲರ್ ಸುಮ್ಮನಾಗುತ್ತದೆ. ಲಿನಕ್ಸ್ ಕರ್ನಲ್ ಹೀಗೇ ಮಾಡುತ್ತದೆ. ಇದಕ್ಕೆಂದೇ ಒಂದು ಕಡ್ಡಾಯ ಫಂಕ್ಷನ್ ಬೇಕೆಂದು ಸಿ ಭಾಷೆಯ ಮಾನಕಕ್ಕೆ ಅನ್ನಿಸಿದ್ದು ಸಿ23ರಲ್ಲಿ, ಭಾಷೆ ಹುಟ್ಟಿ ಐವತ್ತು ವರ್ಷವಾದ ಮೇಲೆ.

2024ರಲ್ಲಿ ಇದಕ್ಕಿಂತ ದೊಡ್ಡದೊಂದು ನಡೆಯಿತು. ಕ್ವಾಂಟಂ ಕಂಪ್ಯೂಟರ್ ಬಂದರೂ ಒಡೆಯಬಾರದೆಂದು ರೂಪಿಸಿದ ಕೈಬರ್ ಎಂಬ ಗೂಢಲಿಪಿ ಕ್ರಮವಿದೆ. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆ ಅದರಿಂದ ರೂಪುಗೊಂಡ ಎಂಎಲ್-ಕೆಇಎಂ ಅನ್ನು ಮಾನಕವೆಂದು ಪ್ರಕಟಿಸಿತು. ಅದರ ಮಾದರಿ ಸಿ ಕೋಡಿನಲ್ಲಿ ಗುಟ್ಟಿನ ಬಿಟ್ ಸೊನ್ನೆಯಾಗಲಿ ಒಂದಾಗಲಿ ಅಷ್ಟೇ ಹೊತ್ತು ಹಿಡಿಯುವ ಹಾಗೆ ಜಾಣತನದಿಂದ ಬರೆದಿದ್ದರು. ಕ್ಲಾಂಗ್ ಕಂಪೈಲರ್ ಇವರಿಗಿಂತ ಜಾಣ. ಆಪ್ಟಿಮೈಸೇಷನ್ನಿನ ಕೆಲವು ಹಂತಗಳಲ್ಲಿ ಆ ಜಾಣತನದ ಒಳಮರ್ಮ ಹಿಡಿದು, “ಬಿಟ್ ಒಂದಾಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ” ಎಂದು ಕವಲು ಹಾಕಿಬಿಟ್ಟಿತು. ಹೊತ್ತಿನ ವ್ಯತ್ಯಾಸದಿಂದ ಗುಟ್ಟಿನ ಕೀಲಿ ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆಂದು ಆಂಟೂನ್ ಪರ್ನಾಲ್ ಎಂಬ ಸಂಶೋಧಕ ತೋರಿಸಿಕೊಟ್ಟರು. ಗಣಿತ ಸರಿಯಿತ್ತು, ಸಿ ಕೋಡ್ ಸರಿಯಿತ್ತು. ಇಂಥದ್ದನ್ನು ತಡೆಯಲು ಗೂಗಲ್‌ನ ಬೋರಿಂಗ್‌ಎಸ್‌ಎಸ್‌ಎಲ್‌ನಂಥ ಗ್ರಂಥಾಲಯಗಳು ಬಳಸುವ ಉಪಾಯವೂ ಅದೇ, ಒಂದು ಖಾಲಿ ಅಸೆಂಬ್ಲಿ ಸಾಲು. ಈ ಸಂಖ್ಯೆಯ ಒಳಗುಟ್ಟು ನಿನಗೆ ಗೊತ್ತಿಲ್ಲ ಎಂದು ಕಂಪೈಲರಿಗೆ ಹೇಳುವುದಕ್ಕೆ. ಅಸೆಂಬ್ಲಿ ಇಲ್ಲದ ಅಸೆಂಬ್ಲಿ! ವೇಗಕ್ಕಾಗಿ ಬರೆದದ್ದಲ್ಲ, ಬೇಕೆಂದೇ ಕಂಪೈಲರಿನ ಓಟಕ್ಕೆ ಅಡ್ಡ ಹಾಕಿದ್ದು.

ನಮ್ಮ ವ್ಯಾಕರಣಕಾರರಿಗೆ ಈ ಜಾತಿಯ ಸಮಸ್ಯೆ ಚೆನ್ನಾಗಿ ಗೊತ್ತಿತ್ತು. ಎರಡು ಭಾಷೆಯ ಪದಗಳನ್ನು ಒಂದೇ ಸಮಾಸದಲ್ಲಿ ಹೊಲಿದರೆ ಅದು ಅರಿಸಮಾಸ. ಅರಿ ಎಂದರೆ ಶತ್ರು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಅದನ್ನು ಬೇಡವೆಂದ, ಆದರೆ ಪೂರ್ತಿ ಬಾಗಿಲು ಮುಚ್ಚಲಿಲ್ಲ. ಹಿಂದಿನ ಕವಿಗಳು ಬಳಸಿದ್ದಕ್ಕೆ, ಬಿರುದಾವಳಿಗೆ ವಿನಾಯಿತಿ ಕೊಟ್ಟ. ನಮ್ಮ ಎಂಜಿನಿಯರುಗಳು ಈ ಎರಡು ವಿನಾಯಿತಿಗಳನ್ನೇ ಗಟ್ಟಿಯಾಗಿ ಹಿಡಿದುಕೊಂಡಂತಿದೆ. ಹಿಂದಿನವರು ಬರೆದದ್ದರಿಂದ ನಕಲು ಮಾಡುತ್ತಾರೆ, ಇಲ್ಲವೇ ಬಿರುದಿಗಾಗಿ ಬರೆಯುತ್ತಾರೆ.

ನಕಲಿನ ಮೂಲ ಎಲ್ಲಿದೆ ನೋಡಿ. ಟರ್ಬೊ ಸಿ ಯ ಆ ನೀಲಿ ಪರದೆಯನ್ನು ಇವತ್ತಿಗೂ ಡಾಸ್‌ಬಾಕ್ಸ್ ಹಾಕಿ ಎಬ್ಬಿಸಿ ಪಾಠ ಮಾಡುವ ಲ್ಯಾಬುಗಳಿವೆ. ಬೋರ್ಲೆಂಡ್‌ನ ಆ ಕಂಪೈಲರಿನಲ್ಲಿ, ಮೈಕ್ರೋಸಾಫ್ಟ್‌ನ ಹಳೆಯ ಕಂಪೈಲರಿನಲ್ಲಿ, ಮುಸುರೆಯ ಪಟ್ಟಿ ಕೊಡುವ ಪದ್ಧತಿಯೇ ಇರಲಿಲ್ಲ. ಅಲ್ಲಿ ಕಲಿತ ಕೈ ಜಿಸಿಸಿಗೆ ಬಂದಾಗಲೂ ಪಟ್ಟಿಯಿಲ್ಲದೆ ಬರೆಯುತ್ತದೆ. ಜಿಸಿಸಿ ಚಕಾರ ಎತ್ತದೆ ಒಪ್ಪಿಕೊಳ್ಳುತ್ತದೆ. ಮೈಕ್ರೋಸಾಫ್ಟ್ ತನ್ನ 64 ಬಿಟ್ ಕಂಪೈಲರಿನಿಂದ ಈ ಸೌಲಭ್ಯವನ್ನೇ ಕಿತ್ತುಹಾಕಿತು. ನಮ್ಮ ಲ್ಯಾಬಿನ ಮೇಷ್ಟರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇನ್ನು ಪಠ್ಯಕ್ರಮ. ಸ್ವಾಯತ್ತ ಕಾಲೇಜುಗಳು ತಮ್ಮದೇ ಪಟ್ಟಿ ಮಾಡಿಕೊಳ್ಳುತ್ತವೆ, ಅದು ಬೇರೆ. ವಿಟಿಯುನ ಹಳೆಯ ಸ್ಕೀಮುಗಳಲ್ಲಿ 8086 ಇತ್ತು, 1978ರ ಪ್ರೊಸೆಸರು. ಪ್ರತಿ ಪ್ರೋಗ್ರಾಮಿನ ಕೊನೆಗೆ ಇಂಟ್ 21ಎಚ್ ಎಂದು ಬರೆದು ಡಾಸ್‌ಗೆ ನಮಸ್ಕಾರ ಹೇಳುವುದನ್ನು ಸಾವಿರಾರು ಮಕ್ಕಳು ಬಾಯಿಪಾಠ ಮಾಡಿದರು. 2022ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್‌ನ ನಾಲ್ಕನೇ ಸೆಮಿಸ್ಟರಿಗೆ ಮೈಕ್ರೋಕಂಟ್ರೋಲರ್ಸ್ ಎಂಬ ವಿಷಯವಿದೆ, ಅದರಲ್ಲಿ ಆರ್ಮ್ ಇದೆ. ಒಳ್ಳೆಯದಾಯಿತು ಎಂದು ನಾನೂ ಖುಷಿಪಟ್ಟೆ. ಪಠ್ಯಪುಸ್ತಕ ಸ್ಲಾಸ್, ಸೈಮ್ಸ್, ರೈಟ್ ಮೂವರು ಬರೆದ 2004ರ ಆರ್ಮ್ ಸಿಸ್ಟಂ ಡೆವಲಪರ್ಸ್ ಗೈಡ್. ಹಳೆಯದಾದರೂ ಗಟ್ಟಿ ಪುಸ್ತಕ. ಅದರ ಐದನೇ ಅಧ್ಯಾಯ ಸಿ ಕಂಪೈಲರ್ ಹೇಗೆ ಯೋಚಿಸುತ್ತದೆ ಎಂಬುದರ ಬಗ್ಗೆಯೇ ಇದೆ. ಪಠ್ಯಕ್ರಮದ ಪಟ್ಟಿ ಓದಿ: ಡೇಟಾ ಟೈಪ್, ಲೂಪ್, ರಿಜಿಸ್ಟರ್ ಹಂಚಿಕೆ, ಫಂಕ್ಷನ್ ಕಾಲ್, ಪಾಯಿಂಟರ್ ಅಲಿಯಾಸಿಂಗ್, ಆಮೇಲೆ ನೇರ ಪೋರ್ಟಬಿಲಿಟಿ. ಅದೇ ಅಧ್ಯಾಯದಲ್ಲಿ, ಪೋರ್ಟಬಿಲಿಟಿಗೆ ಹೊಸಿಲಿನ ಈಚೆ, ಇನ್‌ಲೈನ್ ಫಂಕ್ಷನ್ ಮತ್ತು ಇನ್‌ಲೈನ್ ಅಸೆಂಬ್ಲಿಯ ಭಾಗವಿದೆ. ಪಟ್ಟಿಯಲ್ಲಿ ಅದಿಲ್ಲ. ರಿಜಿಸ್ಟರನ್ನು ಕಂಪೈಲರ್ ಹೇಗೆ ಹಂಚುತ್ತದೆಂದು ಕಲಿಸುತ್ತಾರೆ, ಆ ಹಂಚಿಕೆಯೊಳಗೆ ಕೈಹಾಕುವವನು ಏನು ಹೇಳಿ ಕೈಹಾಕಬೇಕೆಂದು ಕಲಿಸುವುದಿಲ್ಲ. ಕೆಲವೇ ಪುಟಗಳ ವಿಷಯ.

ಪಾಠದಲ್ಲಿ ಇಲ್ಲದ್ದು ಅಂಗಡಿಯಲ್ಲಿ ಸಿಗುತ್ತದೆ. ವಿಜಯನಗರ, ರಾಜಾಜಿನಗರದ ಬೀದಿಗಳಲ್ಲಿ ಮೊದಲ ಮಹಡಿಗೆ ಬೋರ್ಡು ಹಾಕಿಕೊಂಡು ಕೊನೆಯ ವರ್ಷದ ಪ್ರಾಜೆಕ್ಟ್ ಮಾರುವವರಿದ್ದಾರೆ. ಸರ್ಕ್ಯೂಟು, ಕೋಡು, ವರದಿ, ವೈವಾದಲ್ಲಿ ಹೇಳಬೇಕಾದ ಉತ್ತರ, ಎಲ್ಲ ಸೇರಿ ಒಂದು ರೇಟು. ಅಲ್ಲಿನ ಕೋಡು ಬ್ಯಾಚಿನಿಂದ ಬ್ಯಾಚಿಗೆ ಉಪ್ಪಿನಕಾಯಿ ಜಾಡಿಯ ಹಾಗೆ ಕೈ ಬದಲಾಯಿಸುತ್ತದೆ. 8051ಕ್ಕೆ ಕೀಲ್‌ನಲ್ಲಿ ಬರೆದ ಪ್ರಾಗ್ಮಾ ಸಾಲು ಹಾಗೇ ಉಳಿದು, ಆ ಸಾಲೇ ಅರ್ಥವಾಗದ ಬೇರೆ ಕಂಪೈಲರಿನ ಮುಂದೆ ನಿಂತಿದ್ದನ್ನು ನೋಡಿದ್ದೇನೆ. ವಿಳಂಬಕ್ಕಾಗಿ ಸಾಲುಗಟ್ಟಲೆ ನೋಪ್ ಬರೆದದ್ದು, ಚಿಪ್ಪಿನ ವೇಗ ಆರು ಪಟ್ಟಾದ ಮೇಲೂ ಅಷ್ಟೇ ನೋಪ್ ಇದ್ದದ್ದು. ಕೊಳ್ಳುವ ಮಕ್ಕಳನ್ನು ಬೈಯುವುದು ಸುಲಭ. ಬೋರ್ಡನ್ನು ಕೈಯಲ್ಲಿ ಮುಟ್ಟಲು ಬಿಡದ ಲ್ಯಾಬು, ಕಂಪೈಲರಿನ ಹೊಟ್ಟೆಯಿಂದ ಏನು ಹೊರಬಂತೆಂದು ಒಮ್ಮೆಯೂ ತೆರೆದು ತೋರಿಸದ ಪಾಠ ಇದ್ದಾಗ ಅಂಗಡಿಗೆ ಗಿರಾಕಿ ಬಂದೇ ಬರುತ್ತಾರೆ.

ಅಜ್ಜನ ಕಾಲದ್ದು ಎನ್ನುವ ಎರಡನೇ ಪಂಗಡಕ್ಕೆ ಈಗ ಹೊಸ ಬಲ ಬಂದಿದೆ. ಎಐ ಬರೆದುಕೊಡುತ್ತದಲ್ಲ ಎನ್ನುತ್ತಾರೆ. ಬರೆದುಕೊಡುತ್ತದೆ, ಹಲವು ಸಲ ಚೆನ್ನಾಗಿಯೇ. ಪಟ್ಟಿಯಲ್ಲಿ ಒಂದು ಪದ ಬಿಟ್ಟೂ ಕೊಡುತ್ತದೆ, ಅದು ಓದಿ ಬೆಳೆದ ಕೋಡಿನಲ್ಲೂ ಬಿಟ್ಟಿತ್ತಲ್ಲ. ಬಿಟ್ಟದ್ದು ಕಾಣಬೇಕಾದರೆ ಪಟ್ಟಿ ಎಂಬುದೊಂದು ಇದೆಯೆಂದು ನೋಡುವವರಿಗೆ ಗೊತ್ತಿರಬೇಕು. ಕೋಡ್ ಕಂಪೈಲ್ ಆಗುತ್ತದೆ, ಓಡುತ್ತದೆ, ಟೆಸ್ಟ್ ಪಾಸಾಗುತ್ತದೆ. ಎಣಿಕೆಯ ಡಬ್ಬಿಯೂ ಆರೇಳು ತಿಂಗಳು ಪಾಸಾಗಿತ್ತು.

ನಮ್ಮದೇ ಪ್ರೊಸೆಸರ್ ಬೇಕೆಂದು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಲ್ಲಿ ರಿಸ್ಕ್-ಫೈವ್ ಆಧಾರದ ಡಿಐಆರ್-ವಿ ಯೋಜನೆ ಶುರುಮಾಡಿತು. ಮದ್ರಾಸ್ ಐಐಟಿಯ ಶಕ್ತಿ, ಸಿ-ಡ್ಯಾಕ್‌ನ ವೇಗಾ ಅದರ ಮುಂಚೂಣಿಯಲ್ಲಿವೆ. ಹೊಸ ಪ್ರೊಸೆಸರಿಗೆ ಹಳೆಯ ಸಿ ಕೋಡು ಹೊತ್ತೊಯ್ಯುವಾಗ ಶುದ್ಧ ಸಿ ಬಹುತೇಕ ಜೊತೆಗೆ ನಡೆದು ಬರುತ್ತದೆ. ಹತ್ತು ಸಾವಿರ ಸಾಲಿನ ನಡುವೆ ಚೆಲ್ಲಾಪಿಲ್ಲಿಯಾಗಿ ತೂರಿಸಿಟ್ಟ ಅಸೆಂಬ್ಲಿ ಬರುವುದಿಲ್ಲ. ಒಂದೊಂದನ್ನೂ ಹುಡುಕಬೇಕು, ಬರೆದವನು ಏನೆಂದುಕೊಂಡು ಬರೆದ ಎಂದು ಊಹಿಸಬೇಕು. ಪಟ್ಟಿ ಪೂರ್ತಿ ಇದ್ದರೆ ಊಹಿಸುವ ಅಗತ್ಯವಿರುವುದಿಲ್ಲ. ಏನು ಕೊಟ್ಟಿತು, ಏನು ತೆಗೆದುಕೊಂಡಿತು, ಏನು ಕೆಡಿಸಿತು ಎಂದು ಅಲ್ಲೇ ಬರೆದಿರುತ್ತದೆ. ಇಲ್ಲದಿದ್ದರೆ, ಬರೆದವನು ಕಂಪನಿ ಬಿಟ್ಟು ಎಷ್ಟೋ ವರ್ಷವಾಗಿರುತ್ತದೆ. ಈ ಕೆಲಸ ಮಾಡಬಲ್ಲವರು ಯಾರು? ಇದೇ ಮೈಸೂರು ರಸ್ತೆಯ ಮಕ್ಕಳು ತಾನೆ?

ಇದನ್ನು ಕಲಿಸಲು ಕೋಟಿ ರೂಪಾಯಿಯ ಲ್ಯಾಬು ಬೇಡ. ಯಾವುದೇ ಲಿನಕ್ಸ್ ಯಂತ್ರ, ಜಿಸಿಸಿ, ಪುಕ್ಕಟೆ ಸಿಗುವ ಆಬ್ಜ್‌ಡಂಪ್. ಪಟ್ಟಿಯಿಲ್ಲದ ಒಂದು ಅಸೆಂಬ್ಲಿ ಸಾಲು ಬರೆಸಿ. ಆಪ್ಟಿಮೈಸೇಷನ್ ಇಲ್ಲದೆ ಒಮ್ಮೆ ಕಂಪೈಲ್ ಮಾಡಿಸಿ, ಹಚ್ಚಿ ಒಮ್ಮೆ ಮಾಡಿಸಿ, ಎರಡರ ಹೊಟ್ಟೆಯನ್ನೂ ಪಕ್ಕಪಕ್ಕ ಬಿಚ್ಚಿಡಿ. ಸಾಲುಗಳು ಎಲ್ಲಿಂದ ಎಲ್ಲಿಗೆ ಓಡಿದವು ಎಂದು ಮಕ್ಕಳೇ ಬೆರಳಿಟ್ಟು ತೋರಿಸಲಿ. ಕನ್ನಡದಲ್ಲೇ ಹೇಳಿ, ಮುಸುರೆ ಎಂದೇ ಹೇಳಿ; ಕೋಲಾರದಿಂದ ಬಂದವನಿಗೂ ಕೊಪ್ಪಳದಿಂದ ಬಂದವಳಿಗೂ ತಕ್ಷಣ ಹೊಳೆಯುತ್ತದೆ. ಆಮೇಲೆ ಪಟ್ಟಿ ಬರೆಸಿ, ಮತ್ತೆ ಬಿಚ್ಚಿಸಿ. ಎರಡು ಗಂಟೆಯ ಒಂದು ಲ್ಯಾಬು.

ಬಾಹ್ಯ ಪರೀಕ್ಷಕರಾಗಿ ಹೋಗುವ ಮೇಷ್ಟರುಗಳಲ್ಲಿ ಒಂದು ಬೇಡಿಕೆ. ಮುಂದಿನ ವೈವಾದಲ್ಲಿ 8086ಕ್ಕೆ ಎಷ್ಟು ಫ್ಲ್ಯಾಗ್ ಎಂದು ಕೇಳಬೇಡಿ. ಆ ಉತ್ತರ ಅಂಗಡಿಯವರು ಬರೆದುಕೊಟ್ಟಿರುತ್ತಾರೆ. ಹುಡುಗನ ಕೋಡಿನಲ್ಲಿ ಎಎಸ್‌ಎಂ ಎಂದು ಕಂಡ ಕಡೆ ಬೆರಳಿಟ್ಟು, ಇದರ ಮೂರನೇ ಕೋಲನ್ನಿನ ಆಚೆ ಯಾಕೆ ಏನೂ ಇಲ್ಲ ಎಂದು ಕೇಳಿ. ಉತ್ತರ ಬಾರದಿದ್ದರೆ ಅಂಕ ಕಳೆಯುವ ಮೊದಲು ಪಕ್ಕದಲ್ಲಿ ಕೂತಿರುವ ಆಂತರಿಕ ಪರೀಕ್ಷಕರನ್ನೂ ಅದೇ ಪ್ರಶ್ನೆ ಕೇಳಿ ನೋಡಿ.